ಸತ್ಯಾಂಶ: ದಪ್ಪ ಆಯಿಲ್ ಹಾಕಿದರೆ ಎಂಜಿನ್ ಸರಿಹೋಗುತ್ತದೆಯೇ?

"ಕಾರಿನ ಎಂಜಿನ್ ಆಯಿಲ್ ಬೇಗ ಕಡಿಮೆಯಾಗ್ತಿದೆಯಾ? ದಪ್ಪ ಆಯಿಲ್ ಹಾಕಿ, ಸರಿಹೋಗುತ್ತದೆ" ಎಂಬ ಸಂದೇಶ ಓಡಾಡುತ್ತಿದೆ. ಇದು ನಿಜವಲ್ಲ. ಸೋರಿಕೆ ಸ್ವಲ್ಪ ನಿಧಾನವಾಗಬಹುದು, ಅಷ್ಟೇ. ಆಯಿಲ್ ಉರಿಯುವ ಜಾಗಕ್ಕೆ ನುಸುಳದಂತೆ ತಡೆಯಬೇಕಾದ ಪಿಸ್ಟನ್ ರಿಂಗ್ ಸವೆದಿದ್ದರೆ, ವಾಲ್ವ್ ಸೀಲ್ ಗಟ್ಟಿಯಾಗಿದ್ದರೆ, ಅವು ಹಾಗೇ ಇರುತ್ತವೆ. ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿದಾಗ ದಪ್ಪ ಆಯಿಲ್ ಮೇಲಿನ ಭಾಗಗಳಿಗೆ ತಡವಾಗಿ ತಲುಪುತ್ತದೆ. ಆಗ ಸವೆತ ಜಾಸ್ತಿ.

ಆಯಿಲ್ ಎಲ್ಲಿಗೆ ಹೋಗುತ್ತಿದೆ ಎಂದು ಮೊದಲು ನೋಡಬೇಕು, ಅಲ್ವಾ? ಗಾಡಿ ನಿಂತ ಜಾಗದಲ್ಲಿ ಆಯಿಲ್ ಕಲೆಯಿದ್ದರೆ ಸೋರಿಕೆ. ಸೈಲೆನ್ಸರ್‌ನಿಂದ ನೀಲಿ ಹೊಗೆ ಬಂದರೆ ಒಳಗೆ ಉರಿಯುತ್ತಿದೆ. ರಾತ್ರಿಯಿಡೀ ನಿಂತ ಮೇಲೆ, ಸ್ಟಾರ್ಟ್ ಮಾಡಿದಾಗ ಮಾತ್ರ ಹೊಗೆ ಬಂದರೆ ವಾಲ್ವ್ ಸೀಲ್ ಮೇಲೆ ಅನುಮಾನ. ಪಿಸಿವಿ ವಾಲ್ವ್ (ಎಂಜಿನ್ ಒಳಗೆ ಸೇರುವ ಅನಿಲವನ್ನು ಹೊರಗೆಳೆಯುವ ವಾಲ್ವ್) ಕಟ್ಟಿಕೊಂಡರೂ ಆಯಿಲ್ ಉರಿಯುತ್ತದೆ. ಅದು ಚಿಕ್ಕ ಭಾಗ. ಸುಮ್ನೆ ಎಂಜಿನ್ ಬಿಚ್ಚಿಸುವ ಮೊದಲು ದಯವಿಟ್ಟು ಅದನ್ನು ನೋಡಿಸಿ.