ರೈಸ್ ಮಿಲ್ ಲೆಕ್ಕಕ್ಕೆ ಪಿಎಚ್‌ಪಿ ಸಾಕಾ?

ಗೇಟಿಗೆ ಬಂದ ಭತ್ತದ ಲಾರಿಯಿಂದ ಹಿಡಿದು ಹೊರಗೆ ಹೋಗುವ ಅಕ್ಕಿ ಚೀಲದವರೆಗೆ ಎಲ್ಲ ಲೆಕ್ಕವೂ ಬ್ರೌಸರ್‌ನಲ್ಲೇ ಆಗಬೇಕು ಎನ್ನುವ ಮಿಲ್ ಮಾಲೀಕರು ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಇದ್ದಾರೆ. ಆ ಕೆಲಸಕ್ಕೆ ಹಳೆಯ ಪಿಎಚ್‌ಪಿ (ಸರ್ವರ್‌ನಲ್ಲಿ ಓಡುವ ಕೋಡ್ ಭಾಷೆ), ಮೈಎಸ್‌ಕ್ಯೂಎಲ್ (ಡೇಟಾಬೇಸ್) ಜೋಡಿಯನ್ನೇ ಆರಿಸಬೇಕಾ, ಇಲ್ಲ ಬ್ರೌಸರ್‌ನಲ್ಲೂ ಸರ್ವರ್‌ನಲ್ಲೂ ಜಾವಾಸ್ಕ್ರಿಪ್ಟ್ ಭಾಷೆಯೇ ಓಡುವ ರಿಯಾಕ್ಟ್-ನೋಡ್ ಕಡೆ ಹೋಗಬೇಕಾ?

ಪರ: ಸಾಕು, ಅದೇ ಸರಿ

ಮಾಲೀಕರು ಮೊದಲು ಕೇಳಬೇಕಾದ್ದು ಒಂದೇ. ಮಾಡಿಕೊಟ್ಟವರು ಊರು ಬಿಟ್ಟ ಮೇಲೆ ಇದನ್ನು ಯಾರು ನೋಡಿಕೊಳ್ಳುತ್ತಾರೆ? ಚೆನ್ನಾಗಿ ಕೋಡ್ ಬರೆಯುವವರಿಗೆ ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಕೆಲಸ ಸಿಗುತ್ತದೆ, ಹೋಗುತ್ತಾರೆ. ಹೋಗಲಿ, ಅವರು ಮುಂದೆ ಬರಬೇಕು ಅಲ್ವಾ. ಆದರೆ ಮಿಲ್ ಇಲ್ಲೇ ಇರುತ್ತದೆ. ಬಳ್ಳಾರಿ, ಹೊಸಪೇಟೆ, ಕೊಪ್ಪಳದಲ್ಲಿ ಬಿಸಿಎ ಮುಗಿಸಿದವರ ಮುಂದೆ ಪಿಎಚ್‌ಪಿ ಕೋಡ್ ಇಟ್ಟರೆ, ಯಾವುದು ಎಲ್ಲಿದೆ ಅಂತ ಹುಡುಕಿಕೊಳ್ಳುತ್ತಾರೆ. ಶೇರ್ಡ್ ಹೋಸ್ಟಿಂಗ್ (ಹಲವರು ಹಂಚಿಕೊಳ್ಳುವ ಬಾಡಿಗೆ ಸರ್ವರ್) ತೆಗೆದುಕೊಂಡರೆ ಪಿಎಚ್‌ಪಿ, ಮೈಎಸ್‌ಕ್ಯೂಎಲ್ ಸಾಮಾನ್ಯವಾಗಿ ಅದರಲ್ಲೇ ಬರುತ್ತವೆ. ಬ್ಯಾಕಪ್ ಇಳಿಸಿಕೊಳ್ಳುವುದನ್ನು ಗುಮಾಸ್ತರಿಗೇ ಕಲಿಸಬಹುದು.

ಇನ್ನು, ಮಿಲ್ ತಂತ್ರಾಂಶದಲ್ಲಿ ನಿಜವಾದ ಕಷ್ಟ ಎಲ್ಲಿದೆ ನೋಡಿ. 2022ರ ಜುಲೈ 18ರಿಂದ, ಪ್ಯಾಕ್ ಮಾಡಿ ಲೇಬಲ್ ಹಚ್ಚಿದ 25 ಕೆ.ಜಿ.ವರೆಗಿನ ಅಕ್ಕಿಗೆ ಶೇ 5ರಷ್ಟು ಜಿಎಸ್‌ಟಿ ಬಂತು. ಅಲ್ಲಿಯವರೆಗೆ ಬ್ರಾಂಡ್ ಇದೆಯಾ ಇಲ್ಲವಾ ಎನ್ನುವುದರ ಮೇಲೆ ತೆರಿಗೆ ನಿಂತಿತ್ತು. ಹೊಸ ನಿಯಮ ಬಂದದ್ದೇ ತಡ, ಮಾರುಕಟ್ಟೆಯಲ್ಲಿ 26 ಕೆ.ಜಿ. ಚೀಲ ಕಾಣಿಸಿಕೊಂಡಿತು. ಅದೇ ಅಕ್ಕಿ, ಅದೇ ಲಾರಿ. ಒಂದು ಚೀಲಕ್ಕೆ ತೆರಿಗೆ ಇದೆ, ಪಕ್ಕದ ಚೀಲಕ್ಕೆ ಇಲ್ಲ! ಹಳೆಯ ಬಿಲ್ಲನ್ನು ಮತ್ತೆ ತೆಗೆದರೆ ಅದು ಹಳೆಯ ನಿಯಮದಂತೆಯೇ ಪ್ರಿಂಟ್ ಆಗಬೇಕು. ಅಂದರೆ ಚೀಲದ ತೂಕ, ತೆರಿಗೆ ದರ, ಯಾವ ತಾರೀಖಿನಿಂದ ಜಾರಿ, ಇವೆಲ್ಲ ಒಂದು ಟೇಬಲ್‌ನಲ್ಲಿ ಕೂರಬೇಕು. 2023ರ ಆಗಸ್ಟ್‌ನಿಂದ, ವಹಿವಾಟು 5 ಕೋಟಿ ರೂಪಾಯಿ ದಾಟಿದವರು ವ್ಯಾಪಾರಿಗಳಿಗೆ ಮಾರುವ ತೆರಿಗೆ ಇರುವ ಸರಕಿಗೆ ಇ-ಇನ್‌ವಾಯ್ಸ್ (ಸರ್ಕಾರದ ಪೋರ್ಟಲ್‌ನಲ್ಲಿ ನೋಂದಾಯಿಸುವ ಬಿಲ್) ಮಾಡಲೇಬೇಕು. ಅದೂ ಇದೇ ಟೇಬಲ್ ನೋಡಿಯೇ ತೀರ್ಮಾನ ಆಗಬೇಕು. ಈ ಕೆಲಸ ಪೂರ್ತಿ ನಡೆಯುವುದು ಡೇಟಾಬೇಸ್‌ನಲ್ಲಿ. ಇದಕ್ಕೆ ಮಿಂಚುವ ಸ್ಕ್ರೀನ್ ಏಕೆ ಬೇಕು? ಪಿಎಚ್‌ಪಿಯ ಸಿದ್ಧ ಚೌಕಟ್ಟಾದ ಲಾರಾವೆಲ್‌ನಲ್ಲಿ ಒಂದು ಮೈಗ್ರೇಶನ್ (ಟೇಬಲ್ ಬದಲಿಸುವ ಫೈಲ್) ಬರೆದು, ಒಂದೆರಡು ಫೈಲ್ ತಿದ್ದಿ, ಅಪ್‌ಲೋಡ್ ಮಾಡಿದರೆ ಮುಗಿಯಿತು.

ಹಳೆಯದು ಅಂತ ಮೂಗು ಮುರಿಯುವವರಿಗೆ ಒಂದು ಮಾತು. ಪಿಎಚ್‌ಪಿ, ಮೈಎಸ್‌ಕ್ಯೂಎಲ್ ಎರಡೂ 1995ರಲ್ಲಿ ಹೊರಬಂದವು. ವಿಕಿಪೀಡಿಯ ಇವತ್ತಿಗೂ ಪಿಎಚ್‌ಪಿ ಮೇಲೆಯೇ ನಡೆಯುತ್ತಿದೆ. ಬ್ರೌಸರ್ ಸ್ಕ್ರೀನ್ ಕಟ್ಟಲು ಗೂಗಲ್ ತಂದ ಜಾವಾಸ್ಕ್ರಿಪ್ಟ್ ಚೌಕಟ್ಟು ಆಂಗ್ಯುಲರ್‌ಜೆಎಸ್‌ಗೆ 2021ರ ಡಿಸೆಂಬರ್‌ಗೆ ಬೆಂಬಲ ನಿಂತುಹೋಯಿತು. ಅದನ್ನು ನಂಬಿ ಮಾಡಿಸಿದವರು ಮತ್ತೊಮ್ಮೆ ದುಡ್ಡು ಸುರಿಯುವಂತಾಯಿತು. 2016ರಲ್ಲಿ ಲೆಫ್ಟ್-ಪ್ಯಾಡ್ ಎಂಬ 11 ಸಾಲಿನ ಪ್ಯಾಕೇಜನ್ನು (ಸಿದ್ಧ ಕೋಡ್ ತುಣುಕು) ಬರೆದವರು ಜಾವಾಸ್ಕ್ರಿಪ್ಟ್ ಪ್ಯಾಕೇಜ್‌ಗಳ ಭಂಡಾರವಾದ ಎನ್‌ಪಿಎಂನಿಂದ ತೆಗೆದರು ಅಷ್ಟೇ, ಜಗತ್ತಿನ ಎಷ್ಟೋ ಕಡೆ ಬಿಲ್ಡ್ (ಕೋಡನ್ನು ಓಡುವಂತೆ ಜೋಡಿಸುವ ಕೆಲಸ) ಕೈಕೊಟ್ಟವು. ಪಿಎಚ್‌ಪಿಗೂ ಆವೃತ್ತಿ ಬದಲಾಗುತ್ತದೆ, 7.4ರ ಬೆಂಬಲ 2022ರ ನವೆಂಬರ್‌ಗೆ ಮುಗಿಯಿತು. ಆದರೆ ಅಲ್ಲಿ ಕೋಡ್ ತಿದ್ದಿದರೆ ಸಾಕು, ಹೊಸದಾಗಿ ಬರೆಸಬೇಕಿಲ್ಲ. ಮಿಲ್ ಮಾಲೀಕರಿಗೆ ಬೇಕಾದ್ದು ಈ ಭರವಸೆ.

ವಿರೋಧ: ಗೇಟಿನಲ್ಲಿ ನಿಂತು ನೋಡಿ

ತೆರಿಗೆಯ ಟೇಬಲ್ ಯಾವ ಭಾಷೆಯಲ್ಲಾದರೂ ಆಗುತ್ತದೆ. ತಂತ್ರಾಂಶ ಸೋಲುವುದು ಅಲ್ಲಲ್ಲ, ಗಾಡಿ ತೂಗುವ ವೇಬ್ರಿಡ್ಜ್ ಹತ್ತಿರ.

ಸುಗ್ಗಿ ಸಮಯ. ಲಾರಿ, ಟ್ರ್ಯಾಕ್ಟರ್ ಸಾಲಾಗಿ ನಿಂತಿವೆ. ಗುಮಾಸ್ತರು ಗಾಡಿ ನಂಬರ್, ರೈತರ ಹೆಸರು, ಚೀಲದ ಲೆಕ್ಕ, ತೇವಾಂಶ, ತುಂಬಿದ ಗಾಡಿಯ ತೂಕ ಎಲ್ಲ ಹಾಕಿ ಸೇವ್ ಒತ್ತುತ್ತಾರೆ. ಅಷ್ಟರಲ್ಲಿ ಕರೆಂಟ್ ಹೋಗಿ ರೂಟರ್ ಆಫ್ ಆಗುತ್ತದೆ. ಯುಪಿಎಸ್ ಮೇಲಿರುವ ಕಂಪ್ಯೂಟರ್‌ನಲ್ಲಿ ಬ್ರೌಸರ್ ಬಿಳಿ ಪುಟ ತೋರಿಸುತ್ತದೆ. ಹಿಂದಿನ ಗಾಡಿಯವರು ಹಾರ್ನ್ ಹೊಡೆಯುತ್ತಾರೆ. ಗುಮಾಸ್ತರು ಸಿಕ್ಕ ಚೀಟಿಯ ಹಿಂದೆ ತೂಕ ಬರೆದುಕೊಂಡು ಗಾಡಿ ಒಳಗೆ ಬಿಡುತ್ತಾರೆ. ಹಮಾಲರು ಚೀಲ ಇಳಿಸಿದ ಮೇಲೆ ಅದೇ ಗಾಡಿ ಖಾಲಿ ತೂಕಕ್ಕೆ ವಾಪಸ್ ಬರುತ್ತದೆ. ಮೊದಲ ತೂಕ ಎಲ್ಲಿ? ಚೀಟಿಯಲ್ಲಿ. ಚೀಟಿ ಎಲ್ಲಿ? ಹೀಗೆ ನಾಲ್ಕು ಸಲ ಆದರೆ ಗುಮಾಸ್ತರು ಮತ್ತೆ ಪುಸ್ತಕಕ್ಕೆ ಮರಳುತ್ತಾರೆ. ಆಮೇಲೆ ಕಂಪ್ಯೂಟರ್ ಸುಮ್ನೆ ಕೂತಿರುತ್ತದೆ.

ಪ್ರತಿ ಪುಟಕ್ಕೂ ಸರ್ವರ್ ಕಡೆ ನೋಡುವ ಪದ್ಧತಿಗೆ ಈ ಕಷ್ಟ ತಪ್ಪಿದ್ದಲ್ಲ. ಸರ್ವಿಸ್ ವರ್ಕರ್ (ಪುಟವನ್ನು ಬ್ರೌಸರ್‌ನಲ್ಲೇ ಉಳಿಸಿಡುವ ಕೋಡ್), ಇಂಡೆಕ್ಸ್ಡ್‌ಡಿಬಿ (ಬ್ರೌಸರ್ ಒಳಗಿನ ಡೇಟಾಬೇಸ್) ಬಳಸಿದರೆ ನೆಟ್ ಇಲ್ಲದಾಗಲೂ ಪುಟ ತೆರೆಯುತ್ತದೆ. ಎಂಟ್ರಿ ಅದೇ ಕಂಪ್ಯೂಟರ್‌ನಲ್ಲಿ ಉಳಿದು, ಲೈನ್ ಬಂದ ಮೇಲೆ ಸರ್ವರ್‌ಗೆ ಹೋಗುತ್ತದೆ. ಇದನ್ನು ಬರೆಯುವುದು ಜಾವಾಸ್ಕ್ರಿಪ್ಟ್‌ನಲ್ಲೇ.

ಅದನ್ನು ಹೇಗೂ ಬರೆಯಲೇಬೇಕು ಅಂದಮೇಲೆ ಸರ್ವರ್‌ಗೆ ಇನ್ನೊಂದು ಭಾಷೆ ಏಕೆ? ತೇವಾಂಶದ ಕಡಿತವನ್ನೇ ತೆಗೆದುಕೊಳ್ಳಿ. ಬೆಂಬಲ ಬೆಲೆ ಖರೀದಿಯಲ್ಲಿ ಭತ್ತದ ತೇವಾಂಶಕ್ಕೆ ಮಿತಿ ಶೇ 17. ಮಿಲ್‌ಗಳು ಖರೀದಿಸುವಾಗ ತಮ್ಮದೇ ಲೆಕ್ಕ ಹಾಕುತ್ತವೆ. ನೆಟ್ ಇಲ್ಲದಾಗ ಆ ಲೆಕ್ಕ ಬ್ರೌಸರ್‌ನಲ್ಲಿ ಆಗಬೇಕು, ಆಮೇಲೆ ಸರ್ವರ್‌ನಲ್ಲಿ ಮತ್ತೆ ತಾಳೆ ನೋಡಬೇಕು. ಎರಡು ಭಾಷೆಯಲ್ಲಿ ಎರಡು ಸಲ ಬರೆದರೆ, ಒಂದನ್ನು ತಿದ್ದಿ ಇನ್ನೊಂದನ್ನು ಮರೆಯುವ ದಿನ ಬಂದೇ ಬರುತ್ತದೆ. ರೈತರ ಕೈಯ ಪಟ್ಟಿಯಲ್ಲಿ ಒಂದು ತೂಕ, ಆಫೀಸಿನ ಖಾತೆಯಲ್ಲಿ ಇನ್ನೊಂದು ತೂಕ. ರೈತರ ಬೆವರಿನ ಲೆಕ್ಕದಲ್ಲಿ ಇಂಥ ವ್ಯತ್ಯಾಸ ಒಂದೇ ಒಂದು ಸಲವೂ ಆಗಬಾರದು. ಜಾವಾಸ್ಕ್ರಿಪ್ಟ್‌ನದೇ ಇನ್ನೊಂದು ರೂಪವಾದ ಟೈಪ್‌ಸ್ಕ್ರಿಪ್ಟ್‌ನಲ್ಲಿ ಬರೆದ ಒಂದೇ ಫೈಲ್ ಎರಡೂ ಕಡೆ ಓಡುತ್ತದೆ.

ನೋಡ್ ಅಂದರೆ ಡೇಟಾಬೇಸ್ ಮಾಂಗೋಡಿಬಿಯೇ ಆಗಬೇಕು ಅಂತೇನಿಲ್ಲ. ಅಕ್ಕಿ ಮಾರಿದರೆ ಸ್ಟಾಕ್ ಇಳಿಯಬೇಕು, ಪಾರ್ಟಿ ಖಾತೆಗೆ ಬಾಕಿ ಏರಬೇಕು. ಎರಡೂ ಆಗಬೇಕು, ಇಲ್ಲ ಎರಡೂ ಆಗಬಾರದು. ಇದಕ್ಕೆ ಪೋಸ್ಟ್‌ಗ್ರೆಸ್ ಡೇಟಾಬೇಸ್ ಇಟ್ಟುಕೊಳ್ಳಿ. ಲೆಫ್ಟ್-ಪ್ಯಾಡ್ ಘಟನೆ ನಿಜ, ಆದರೆ ಅದಾದ ಮೇಲೆ ಎನ್‌ಪಿಎಂ ಪ್ಯಾಕೇಜ್ ಹಾಗೆ ಕಿತ್ತುಹಾಕಲು ಬಿಡುತ್ತಿಲ್ಲ. ರಿಯಾಕ್ಟ್ 2013ರಲ್ಲೇ ಬಂದದ್ದು, ಅದರಲ್ಲಿ ಹಳೆಯ ರೀತಿಯಲ್ಲಿ ಬರೆದ ಕೋಡ್ (ಕ್ಲಾಸ್ ಕಾಂಪೊನೆಂಟ್‌ಗಳು) ಈಗಲೂ ಓಡುತ್ತದೆ.

ಖರ್ಚು ಜಾಸ್ತಿ, ಒಪ್ಪುತ್ತೇನೆ. ಸರ್ವರ್ ನೋಡಿಕೊಳ್ಳಲು ಗೊತ್ತಿರುವವರು ಬೇಕು. ಒಂದೇ ಆಫೀಸು, ಒಂದೇ ಕಂಪ್ಯೂಟರ್, ಬರೀ ಬಿಲ್ ಹಾಕುವ ಸಣ್ಣ ಮಿಲ್ ಆದರೆ ಪಿಎಚ್‌ಪಿ ಮಾಡಿಸಿಕೊಳ್ಳಲಿ. ಗೇಟು, ಗೋದಾಮು, ಆಫೀಸು ಮೂರೂ ಕಡೆ ಎಂಟ್ರಿ ನಡೆಯುವ ಮಿಲ್‌ಗೆ ಅದು ಸಾಲದು. ಅಡ್ವಾನ್ಸ್ ಕೊಡುವ ಮೊದಲು, ತೋರಿಸಲು ಬಂದವರ ಮುಂದೆಯೇ ನೆಟ್ ಕೇಬಲ್ ಕಿತ್ತು, ನಿಮ್ಮ ಗುಮಾಸ್ತರಿಂದ ಒಂದು ಗಾಡಿಯ ಎಂಟ್ರಿ ಹಾಕಿಸಿ.