ಅಮ್ಮನ ಡಬ್ಬದಲ್ಲಿ ಮೂರೂವರೆ ಕೇಜಿ ಪೈಸೆ

ಅಟ್ಟ ಗುಡಿಸುವಾಗ ಅಮ್ಮನ ಹಳೇ ಡಾಲ್ಡಾ ಡಬ್ಬ ಸಿಕ್ಕಿತು. ತುಂಬಾ ಬರೀ ಪೈಸೆ. ದಿನಸಿ ಅಂಗಡಿಯಲ್ಲಿ ತೂಗಿಸಿದೆ, ಮೂರೂವರೆ ಕೇಜಿ. ಎರಡು ಸಂಜೆ ಕೂತು ಎಣಿಸಿದರೆ ಒಟ್ಟು 214 ರೂಪಾಯಿ 60 ಪೈಸೆ. ಸೊಂಟ ನೋವು ಬೇರೆ.

ಮನೆಯವರ ವಾಟ್ಸಾಪ್ ಗುಂಪಿಗೆ ಫೋಟೋ ಹಾಕಿದ್ದೇ ತಡ, ಭಾವ ಒಂದು ಲಿಂಕ್ ಕಳಿಸಿದರು. ‘ಇದಕ್ಕೆಲ್ಲ ಲಕ್ಷ ಕೊಡ್ತಾರೆ ಕಣೋ.’ ತೆಗೆದು ನೋಡಿದರೆ ಮೊದಲು ನಾವೇ ನೋಂದಣಿ ಶುಲ್ಕ ಕಟ್ಟಬೇಕಂತೆ! ಇಂಥ ಮೋಸದ ಬಗ್ಗೆ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಎಚ್ಚರಿಸಿದೆ. ಹಳೇ ನಾಣ್ಯ ಕೊಳ್ಳುವ, ಮಾರುವ ಕೆಲಸ ಅದು ಮಾಡೋದೇ ಇಲ್ಲ.

ಬ್ಯಾಂಕಿಗೆ ಒಯ್ಯೋಣ ಅಂದರೆ ಆ ಕಾಲ ಯಾವತ್ತೋ ಮುಗಿಯಿತು. ನಾಲ್ಕಾಣೆ ಮತ್ತು ಅದಕ್ಕಿಂತ ಕೆಳಗಿನದೆಲ್ಲ 2011ರ ಜೂನ್ 30ರಿಂದ ಚಲಾವಣೆಯಲ್ಲಿಲ್ಲ.

ಆದರೂ ವಿಂಗಡಿಸುತ್ತಾ ಕೂತರೆ ಖುಷಿಯೋ ಖುಷಿ. ಚೌಕದ ಐದು ಪೈಸೆ, ಆರು ಮೂಲೆಯ ಮೂರು ಪೈಸೆ, ಅಂಚೆಲ್ಲ ಹೂವಿನ ಎಸಳಿನ ಹಾಗಿರುವ ಹತ್ತು ಪೈಸೆ, ಘೇಂಡಾಮೃಗದ ನಾಲ್ಕಾಣೆ. ಅಲ್ಯೂಮಿನಿಯಂನ ಒಂದು ಪೈಸೆ ಎಷ್ಟು ಹಗುರ ಅಂದರೆ ಬಟ್ಟಲಿನ ನೀರಿನ ಮೇಲೆ ಮೆಲ್ಲಗೆ ಇಟ್ಟರೆ ತೇಲುತ್ತೆ. ಮಗಳಿಗೆ ತೋರಿಸಿದೆ, ಅರ್ಧ ಗಂಟೆ ಮೊಬೈಲ್ ಮುಟ್ಟಲಿಲ್ಲ. ಇಸವಿ ಕೆಳಗೆ ನಕ್ಷತ್ರ ಇದ್ದರೆ ಹೈದರಾಬಾದ್ ಟಂಕಸಾಲೆಯದು, ವಜ್ರದ ಗುರುತಿದ್ದರೆ ಮುಂಬೈಯದು. ತಾವರೆಯ ಇಪ್ಪತ್ತು ಪೈಸೆ ಒಂಬತ್ತು ಸಿಕ್ಕವು. ಅವನ್ನು ಅಮ್ಮ ಕಿತ್ತುಕೊಂಡು ದೇವರ ಮನೆಗೆ ಒಯ್ದರು, ವರಮಹಾಲಕ್ಷ್ಮಿ ಕಳಸಕ್ಕೆ ಬೇಕಂತೆ.

ಒಂದು ಮಾತು, ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಸಂಗ್ರಹ ಮಾಡುವವರು ಹೊಳಪು ಬರಿಸಿದ ನಾಣ್ಯವನ್ನು ಮೂಸಿಯೂ ನೋಡಲ್ಲ. ನಾನು ಇಪ್ಪತ್ತು ತಿಕ್ಕಿಯಾದ ಮೇಲೆ ಗೊತ್ತಾಯಿತು.

ನನಗೆ ಸಿಟ್ಟು ಬರೋದು ಇನ್ನೊಂದು ಸಲಹೆಗೆ. ‘ಸುಮ್ನೆ ಹುಂಡಿಗೆ ಹಾಕಿಬಿಡು, ಪುಣ್ಯ ಬರುತ್ತೆ.’ ಅಂಗಡಿಯವನು ಬೇಡ ಅಂದದ್ದು ದೇವರಿಗಾ? ಹುಂಡಿ ಎಣಿಸೋರು ಅದನ್ನ ಆರಿಸಿ ಆರಿಸಿ ಪಕ್ಕಕ್ಕಿಡಬೇಕು, ದೇವಸ್ಥಾನಕ್ಕೆ ಒಂದು ಬತ್ತಿಯ ಎಣ್ಣೆಯೂ ಬರಲ್ಲ. ಬಸ್ಸು ಕಾವೇರಿ ದಾಟುವಾಗ ಕಿಟಕಿಯಿಂದ ಎಸೆಯೋದೂ ಅಷ್ಟೇ. ಮನೆಯ ಕಸ ಹೊಳೆಗೆ ಹಾಕಿ ಕೈಮುಗಿದ ಹಾಗೆ. ಅದಕ್ಕಿಂತ ಪಕ್ಕದ ಸರ್ಕಾರಿ ಶಾಲೆಗೆ ಕೊಡೋದು ವಾಸಿ ಅನ್ನಿಸಿತು. ಮೇಷ್ಟ್ರನ್ನ ಕೇಳಿದೆ. ನಲಿಕಲಿ ಮಕ್ಕಳಿಗೆ ಎಣಿಸೋಕೆ ಆಗುತ್ತೆ ಅಂತ ಒಂದು ಚೀಲ ಇಸಿದುಕೊಂಡರು.

ಇನ್ನು ಉಳಿದದ್ದು ಎಂಟಾಣೆ. ಅದು ಇವತ್ತಿಗೂ ನಡೆಯುವ ದುಡ್ಡು, ಗೊತ್ತಾ? ಕಾನೂನಿನ ಪ್ರಕಾರ ಒಂದು ಸಲಕ್ಕೆ ಹತ್ತು ರೂಪಾಯಿವರೆಗೆ ಕೊಡಬಹುದು. ನಾಳೆ ಕೊತ್ತಂಬರಿ ಸೊಪ್ಪಿಗೆ ಇಪ್ಪತ್ತು ಎಂಟಾಣೆ ಎಣಿಸಿ ಕೊಡೋಣ ಅಂತಿದ್ದೇನೆ. ಸೊಪ್ಪಿನಜ್ಜಿ ಏನಂದರು ಅಂತ ಕಾಮೆಂಟಲ್ಲಿ ಹಾಕ್ತೀನಿ.