ಪತ್ತನಾಜೆಯವರೆಗೆ ಸ್ವರ ಇಲ್ಲ

ಯಕ್ಷಗಾನ ಮೇಳದ ಕಲಾವಿದರನ್ನು ಮದುವೆಯಾದರೆ ವರ್ಷ ಎರಡು ತುಂಡಾಗುತ್ತದೆ. ದೀಪಾವಳಿ ಕಳೆದ ಮೇಲೆ ಪತ್ತನಾಜೆಯವರೆಗೆ ಗಂಡ ಮೇಳದ ಪಾಲು, ಆಮೇಲೆ ಮನೆಯ ಪಾಲು. ಇದರ ಬಗ್ಗೆ ನನ್ನದು ತಕರಾರಿಲ್ಲ, ಗೊತ್ತಿದ್ದೇ ಮದುವೆಯಾದದ್ದು. ತಕರಾರು ಏನಿದ್ದರೂ ತರಕಾರಿಯದ್ದು. ನಮ್ಮ ಕಾಸರಗೋಡಿನ ಕಡೆ ನೆಟ್ಟಿಕಾಯಿ, ಅಂದರೆ ಬೇಸಿಗೆಯ ತರಕಾರಿ, ಬೆಳೆಯುವುದೂ ಸರಿಯಾಗಿ ಅದೇ ತಿಂಗಳುಗಳಲ್ಲಿ. ಅಲಸಂಡೆ, ಸೌತೆ, ಹರಿವೆ, ತೊಂಡೆ, ಬಸಳೆ ಎಲ್ಲ ಮಳೆ ಬರುವುದರೊಳಗೆ ಮುಗಿಯಬೇಕು. ಹಾಗಾಗಿ ನಮ್ಮ ಮನೆಯಿಂದ ಪ್ರತಿ ವರ್ಷ ಎರಡು ತಿರುಗಾಟ ಹೊರಡುತ್ತದೆ. ಒಂದಕ್ಕೆ ಭಾಗವತರಿದ್ದಾರೆ, ಚೆಂಡೆ ಮದ್ದಳೆ ಇದೆ, ಸಾಮಾನು ಹೊರಲು ಲಾರಿ ಇದೆ. ಇನ್ನೊಂದಕ್ಕೆ ನಾನು ಮತ್ತು ಅತ್ತೆ.

ಪತ್ತನಾಜೆ ಎಂದರೆ ತುಳುವರ ಬೇಶ ತಿಂಗಳ ಹತ್ತನೇ ದಿನ. ಹೆಚ್ಚಾಗಿ ಮೇ 24ಕ್ಕೋ 25ಕ್ಕೋ ಬೀಳುತ್ತದೆ. ಅಂದು ಮೇಳದವರು ಗೆಜ್ಜೆ ಬಿಚ್ಚುತ್ತಾರೆ, ಕೋಲ, ಜಾತ್ರೆಗಳಿಗೂ ಅಲ್ಲಿಗೆ ತೆರೆ. ಸುಮ್ನೆ ಒಂದು ಮಾತು: ನಮ್ಮ ಕಾಸರಗೋಡು ಜಿಲ್ಲೆ ಶುರುವಾದದ್ದೂ 1984ರ ಮೇ 24ಕ್ಕೆ. ಊರಿಗೆ ಊರೇ ಎಲ್ಲ ಮುಗಿಸಿ ಕೈ ತೊಳೆಯುವ ಹೊತ್ತು ನೋಡಿ ಸರಕಾರ ಹೊಸ ಜಿಲ್ಲೆ ಶುರು ಮಾಡಿದೆ. ಕೇಳುವವರು ಯಾರು?

ಇವರದ್ದು ಬಣ್ಣದ ವೇಷ. ಅಂದರೆ ರಾಕ್ಷಸ. ಸಂಜೆ ವೇಷ ಕಟ್ಟುವ ಚೌಕಿಯಲ್ಲಿ ಕೂತರೆ ಅಕ್ಕಿ ಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಮುಳ್ಳಿನಂಥ ಬಿಳಿ ಚಿಟ್ಟಿ ಒಂದೊಂದೇ ಇಡಲಿಕ್ಕೆ ಗಂಟೆಗಟ್ಟಲೆ ಬೇಕು. ಆಮೇಲೆ ನಡುರಾತ್ರಿ ಕಳೆದು, ಮಕ್ಕಳೆಲ್ಲ ಚಾಪೆ ಮೇಲೆ ನಿದ್ದೆ ಹೋದ ಹೊತ್ತಿಗೆ, ತೆರೆಯ ಹಿಂದಿನಿಂದ ಒಂದು ಆರ್ಭಟೆ. ಮಲಗಿದ ಮಕ್ಕಳು ಎದ್ದು ಅಮ್ಮನ ಸೆರಗು ಹಿಡಿದುಕೊಂಡರೆ ವೇಷ ಗೆದ್ದಿತು ಅಂತ ಲೆಕ್ಕ. ಬೆಳಿಗ್ಗೆ ಬಣ್ಣ ತೆಗೆದು, ಬದಿಯಡ್ಕದಲ್ಲಿ ಬಸ್ಸಿಳಿದು, ಕಿವಿಯ ಹಿಂದೆ ಸ್ವಲ್ಪ ಕೆಂಪು ಉಳಿಸಿಕೊಂಡು ಮನೆಗೆ ಬರುತ್ತಾರೆ. ಗಂಜಿ ಊಟ ಮಾಡಿ ಮಲಗಿದರೆ ಮಧ್ಯಾಹ್ನದವರೆಗೆ ಮನೆಯಲ್ಲಿ ಮಿಕ್ಸಿ ಇಲ್ಲ, ಪಂಪು ಇಲ್ಲ, ಕುಕ್ಕರಿನ ಸೀಟಿ ಇಲ್ಲ. ಅತ್ತೆ ಫೋನಿನಲ್ಲಿ ಮಾತಾಡಬೇಕಾದರೆ ಹಟ್ಟಿಗೆ ಹೋಗಬೇಕು. ನಮ್ಮ ದನಕ್ಕೆ ಈಗ ಎಲ್ಲ ನೆಂಟರ ವಿಷಯವೂ ಗೊತ್ತು.

ಪಂಪು ಇಲ್ಲದೆ ನೀರು ಎಲ್ಲಿಂದ ಅಂತ ಕೇಳಬಹುದು. ಸುರಂಗದಿಂದ. ನಮ್ಮ ಗುಡ್ಡೆಯ ಮುರಕಲ್ಲನ್ನು, ಅಂದರೆ ಕೆಂಪು ಕಲ್ಲನ್ನು, ಅಡ್ಡಕ್ಕೆ ಕೊರೆದು ಹಿರಿಯರು ಮಾಡಿಟ್ಟದ್ದು. ಒಳಗೆ ಒಸರುವ ನೀರು ತಾನಾಗಿ ಹರಿದು ಹೊರಗಿನ ಟ್ಯಾಂಕಿಗೆ ಬೀಳುತ್ತದೆ. ಕರೆಂಟು ಬೇಡ, ಸದ್ದು ಇಲ್ಲ, ಮಲಗಿದ ರಾಕ್ಷಸರಿಗೆ ತೊಂದರೆ ಇಲ್ಲ. ಆದರೆ ಏಪ್ರಿಲ್ ದಾಟಿದರೆ ಅದರ ವೇಗ ಹೇಳಿ ಪ್ರಯೋಜನ ಇಲ್ಲ. ಕೊಡ ಇಟ್ಟು ಒಳಗೆ ಹೋಗಿ ಕಾಫಿ ಮಾಡಿ ಕುಡಿದು, ಲೋಟ ತೊಳೆದು ಬಂದರೆ ಕೊಡದ ಕುತ್ತಿಗೆಯವರೆಗೆ ಬಂದಿರುತ್ತದೆ. ಹಾಗಾಗಿ ಒಂದು ಹನಿಯೂ ದಂಡ ಆಗಬಾರದು ಅಂತ ಬಚ್ಚಲಿನ ನೀರನ್ನು ಬಸಳೆ ಚಪ್ಪರಕ್ಕೆ ತಿರುಗಿಸಿದ್ದೇವೆ. ಇವರು ಬಂದು ಸ್ನಾನ ಮಾಡಿದರೆ ಬಸಳೆಗೂ ನೀರಾಯಿತು.

ಇದರಿಂದ ಆದ ಒಂದು ಎಡವಟ್ಟು ಹೇಳುತ್ತೇನೆ. ವಿಷುವಿನ ಮರುದಿನ ಇವರ ಕಡೆಯ ಒಬ್ಬರು ನೆಂಟರು ಬಂದಿದ್ದರು. ಬಸಳೆ ನೋಡಿ, ಎಂತ ಚಂದ ಬಂದಿದೆ, ದಂಟೆಲ್ಲ ಕೆಂಪು ಕೆಂಪು ಅಂತ ಹೊಗಳಿದರು. ಅದು ಕೆಂಪು ದಂಟಿನ ಜಾತಿಯೇ. ಅಷ್ಟು ಹೇಳಿ ಬಿಡಬಹುದಿತ್ತು. ಅತ್ತೆ, "ಅದು ಮಹಿಷಾಸುರನ ಬಣ್ಣ ಮಾರಾಯ್ತಿ, ದಿನಾ ಬೆಳಿಗ್ಗೆ ಬುಡಕ್ಕೆ ಬೀಳುತ್ತದೆ" ಅಂದುಬಿಟ್ಟರು. ಮಧ್ಯಾಹ್ನ ಬಸಳೆ ಬೆಂದಿ ಬಡಿಸಲು ಹೋದರೆ ಆ ಅಕ್ಕ ಎಲೆಗೆ ಎರಡೂ ಕೈ ಅಡ್ಡ ಹಿಡಿದರು. ಹೊಟ್ಟೆ ಸರಿ ಇಲ್ಲವಂತೆ. ಪಾಯಸ ಮಾತ್ರ ಮತ್ತೆ ಮತ್ತೆ ಹಾಕಿಸಿಕೊಂಡರು.

ನೀರಿನ ಕಷ್ಟಕ್ಕಾದರೂ ಒಂದು ದಾರಿ ಉಂಟು. ನವಿಲಿಗೆ ಇಲ್ಲ. ನವಿಲು 1963ರಿಂದ ರಾಷ್ಟ್ರಪಕ್ಷಿ. ಅದಕ್ಕೂ ಈ ವಿಷಯ ಗೊತ್ತಿದೆ ಅಂತ ನನಗೆ ಬಲವಾದ ಅನುಮಾನ. ಆ ನಡಿಗೆಯೇ ಹಾಗಿದೆ. ಹರಿವೆ ಸಾಲಿನಲ್ಲಿ ಮೊಳಕೆ ಮೇಲೆ ಬಂತು ಅನ್ನುವಷ್ಟರಲ್ಲಿ ಗುಡ್ಡೆಯಿಂದ ಇಳಿದು ಬಂದು ಒಂದು ಕಡೆಯಿಂದ ಶುರು ಮಾಡುತ್ತದೆ. ಕಲ್ಲು ಹೊಡೆಯುವಂತಿಲ್ಲ, ಕಾನೂನು ಇದೆ. ಬೊಬ್ಬೆ ಹಾಕಬಹುದು. ನಾನು ಹಾಕಿದೆ, ಅತ್ತೆ ಹಾಕಿದರು, ನವಿಲು ತಲೆ ಓರೆ ಮಾಡಿ ಕೇಳಿ, ಮತ್ತೆ ಕೆಲಸಕ್ಕೆ ಇಳಿಯಿತು.

ಆಗ ನನಗೆ ಹೊಳೆದದ್ದು, ನಮ್ಮ ಮನೆಯೊಳಗೇ ಒಬ್ಬರಿದ್ದಾರಲ್ಲ, ಬೊಬ್ಬೆ ಹಾಕಲಿಕ್ಕೇ ಸಂಬಳ ತೆಗೆದುಕೊಳ್ಳುವವರು!

ಮಧ್ಯಾಹ್ನ ಎದ್ದು ಕಾಫಿ ಕುಡಿಯುವಾಗ ಕೇಳಿದೆ. "ಒಂದು ಆರ್ಭಟೆ ಕೊಡಿ ನೋಡುವ, ಅಂಗಳದಲ್ಲಿ ನಿಂತು."

ಇವರು ಗಂಟಲು ಮುಟ್ಟಿ ತೋರಿಸಿದರು. "ಪತ್ತನಾಜೆಯವರೆಗೆ ಸ್ವರ ಉಳಿಸಬೇಕಲ್ವಾ? ಇನ್ನು ಹೆಚ್ಚು ಬಿಡುವಿಲ್ಲದ ಆಟ."

"ನವಿಲಿಗೆ ಒಂದೇ ಒಂದು ಸಲ."

"ಬೇಡ ಇವಳೇ. ಅದಕ್ಕೆ ಬೇರೆ ಉಪಾಯ ಮಾಡುವ." ಇಷ್ಟನ್ನೂ ಪಿಸುಮಾತಿನಲ್ಲೇ ಹೇಳಿದ್ದು. ಸೀಸನ್ ಮುಗಿಯುವ ಹೊತ್ತಿಗೆ ಇವರು ಮನೆಯಲ್ಲಿ ಹೀಗೆಯೇ. ಜೀರಿಗೆ ಕಷಾಯ, ಕಾಳುಮೆಣಸು, ಪಿಸುಪಿಸು. ಊರೂರಲ್ಲಿ ದೇವೇಂದ್ರನನ್ನೇ ಸ್ವರ್ಗದಿಂದ ಓಡಿಸಿ ಬರುವವರು ಮನೆಗೆ ಬಂದು ಉಪ್ಪಿನ ಡಬ್ಬಿ ಕೈ ಸನ್ನೆಯಲ್ಲಿ ಕೇಳುತ್ತಾರೆ.

ಬೇರೆ ಉಪಾಯ ಅಂದರೆ ಬೆರ್ಚಪ್ಪ. ಎಲ್ಲರ ಮನೆಯಲ್ಲಿ ಬೆರ್ಚಪ್ಪ ಅಂದರೆ ಎರಡು ಕೋಲು, ಒಂದು ಹಳೆ ಅಂಗಿ, ಮೇಲೆ ಕವುಚಿದ ಮಡಕೆ, ಸುಣ್ಣದಲ್ಲಿ ಎರಡು ಕಣ್ಣು. ಹತ್ತು ನಿಮಿಷದ ಕೆಲಸ. ಇವರು ಆಟ ಇಲ್ಲದ ಒಂದು ದಿನ ಬೆಳಿಗ್ಗೆ ಕೂತವರು ಊಟಕ್ಕೂ ಏಳಲಿಲ್ಲ. ಮಡಕೆಗೆ ಕಪ್ಪು, ಕೆಂಪು, ಬಿಳಿ. ಅಂಚಿಗೆಲ್ಲ ಚಿಟ್ಟಿ. ಮೈಗೆ ಹಳೆಯ ಹರಿದ ಕೆಂಪು ದಗಲೆ. ನಾನು ಇಷ್ಟೆಲ್ಲ ಯಾಕೆ ಅಂದದ್ದಕ್ಕೆ, "ಪಾರ್ತಿಸುಬ್ಬ ಹುಟ್ಟಿದ ಕುಂಬಳೆ ಸೀಮೆಯವರು ನಾವು, ಬೆರ್ಚಪ್ಪನಾದರೂ ಲಕ್ಷಣವಾಗಿ ಇರಬೇಡವಾ?" ಅಂತ ಪಿಸುಗುಟ್ಟಿದರು. ಯಕ್ಷಗಾನದ ಪಿತಾಮಹನನ್ನು ಹರಿವೆ ಸಾಲಿಗೆ ಕರೆತಂದ ಮೇಲೆ ನಾನು ಏನು ಹೇಳುವುದು?

ಬೆರ್ಚಪ್ಪ ಬಹಳ ಚಂದ ಆಯಿತು. ಅದೇ ತೊಂದರೆಯಾದದ್ದು. ನವಿಲು ಮೊದಲ ದಿನ ದೂರ ನಿಂತು ನೋಡಿತು, ಆಮೇಲೆ ಹೆಗಲ ಮೇಲೆ ಹತ್ತಿ ಕೂತು ಬಾಲ ಇಳಿಬಿಟ್ಟಿತು. ಮೊದಲೇ ಕೆಂಪು ದಗಲೆ, ಅದರ ಮೇಲೆ ನವಿಲುಗರಿ. ಆ ವೈಭವ ಮೇಳದಲ್ಲಿಯೂ ಇಲ್ಲ. ಶಾಲೆಗೆ ರಜೆ ಬೇರೆ. ಆಚೆ ಈಚೆ ಮನೆಯ ಮಕ್ಕಳೆಲ್ಲ ಬಂದು ಬೆರ್ಚಪ್ಪನ ಪಕ್ಕ ನಿಂತು ಫೋಟೋ ತೆಗೆದದ್ದೇ ತೆಗೆದದ್ದು. ನವಿಲು ಬಿಟ್ಟ ಹರಿವೆಯನ್ನು ಮಕ್ಕಳು ತುಳಿದು ಮುಗಿಸಿದರು. ಮಳೆಗಾಲಕ್ಕೆ ತಾಳಮದ್ದಳೆ ಗೊತ್ತು ಮಾಡಲು ಬಂದ ಒಬ್ಬರು ವಯಸ್ಸಾದವರು, ಕಣ್ಣು ಸ್ವಲ್ಪ ಮಂದ, ಗೇಟಿನಿಂದಲೇ ಬೆರ್ಚಪ್ಪನಿಗೆ ಕೈ ಮುಗಿದು, "ಏನು, ಹಗಲೇ ವೇಷ ಹಾಕಿದ್ದೀರಿ?" ಅಂತ ವಿಚಾರಿಸಿ, ಉತ್ತರ ಬಾರದೆ, ಕಲಾವಿದರಿಗೆ ಈಗೀಗ ಗರ್ವ ಜಾಸ್ತಿ ಅಂತ ಅತ್ತೆಯ ಹತ್ತಿರ ಬೇಸರ ಮಾಡಿಕೊಂಡರು.

ಅಲಸಂಡೆ ಚಪ್ಪರದ ಮೇಲೆ ತೆಂಗಿನ ಮಡಲು ಬಿದ್ದದ್ದನ್ನು ಉದ್ದ ಮಾಡುವುದಿಲ್ಲ. ಕಾಸರಗೋಡಿನಲ್ಲಿ 1916ರಿಂದ ತೆಂಗಿನ ಸಂಶೋಧನೆ ನಡೆಯುತ್ತಿದೆ. ನೂರು ವರ್ಷ ದಾಟಿದರೂ ಇಡೀ ತೋಟದಲ್ಲಿ ಚಪ್ಪರ ಎಲ್ಲಿದೆ ಅಂತ ನೋಡಿಯೇ ಮಡಲು ಬೀಳುವುದು ಯಾಕೆ ಎಂಬುದನ್ನು ಯಾರೂ ವಿಚಾರಿಸಿದ ಹಾಗಿಲ್ಲ.

ಮೇ ಬಂದರೆ ಹಲಸಿನ ಹಪ್ಪಳ. ಇದು ಬೇರೆ ಊರಿನವರಿಗೆ ಅರ್ಥ ಆಗಲಿಕ್ಕಿಲ್ಲ. ಸೊಳೆ ಬಿಡಿಸಿ, ಬೇಯಿಸಿ, ಕಡೆದು, ಒತ್ತಿ, ಅಂಗಳ ತುಂಬ ಚಾಪೆ ಹಾಸಿ ಒಣಗಿಸಿದ ಮೇಲೆ ಆ ಮನೆಯಲ್ಲಿ ಯಾರೂ ಆಕಾಶ ಬಿಟ್ಟು ಬೇರೆ ಏನನ್ನೂ ನೋಡುವುದಿಲ್ಲ. ಒಂದು ದಿನ ಹನ್ನೆರಡು ಗಂಟೆಯ ಬಿಸಿಲು ಹಾಗೆಯೇ ಇರುವಾಗ ಮೂಡು ದಿಕ್ಕು ಕಪ್ಪಾಯಿತು, ಗಾಳಿ ಎದ್ದಿತು, ಅತ್ತೆ ಎರಡು ಚಾಪೆ ಎಳೆದರು, ನಾನು ಎರಡು ಎಳೆದೆ, ಇನ್ನೂ ಅರ್ಧ ಅಂಗಳ ಬಾಕಿ. ಮನೆಯ ಕಾನೂನು ಎಲ್ಲ ಬದಿಗಿಟ್ಟು ಒಳಗೆ ಓಡಿ ಇವರನ್ನು ಅಲುಗಾಡಿಸಿದೆ. "ಏಳಿ, ಮಳೆ! ಮಳೆ ಬಂತು!"

ಇವರು ಕಣ್ಣು ಮುಚ್ಚಿಕೊಂಡೇ ಎದ್ದು ಕೂತು, ಸೊಂಟ ತಡವಿ ನೋಡಿಕೊಂಡು, "ಭಾಗವತರು ಎಲ್ಲಿಗೆ ಮುಟ್ಟಿದರು?" ಅಂದರು.

"ಅಂಗಳಕ್ಕೆ!" ಅಂದೆ. ಸಿಟ್ಟಿನಲ್ಲಿ ಬಾಯಿಗೆ ಬಂದದ್ದು. ಅಂಗಳ ಅನ್ನುವ ಮಾತು ಹೇಗೋ ತಲೆಗೆ ಹೋಗಿರಬೇಕು, ದಡಬಡ ಹೊರಟರು. ಮಾಡಿನಿಂದ ಬಾಳೆ ನಾರಿನಲ್ಲಿ ಕಟ್ಟಿ ಇಳಿಬಿಟ್ಟ ಮಳೆಗಾಲದ ಸೌತೆಕಾಯಿಗಳು ದಾರಿಯಲ್ಲಿ ಸಾಲಾಗಿ ತೂಗುತ್ತಿದ್ದವು. ಮೊದಲನೆಯದಕ್ಕೆ ಹಣೆ ಬಡಿಯಿತು. ಅದು ತೂಗಿ ಎರಡನೆಯದಕ್ಕೆ ಬಡಿದು, ಎರಡನೆಯದು ನಾರು ಕಡಿದು ಕೆಳಗೆ ಬಿದ್ದು ಒಡೆಯಿತು. ಇವರು ಅದನ್ನು ದಾಟಿ ಅಂಗಳಕ್ಕೆ ಹೋಗಿ ಒಂದು ಚಾಪೆ ಎತ್ತಿ ತಲೆಯ ಮೇಲೆ ಹಿಡಿದುಕೊಂಡು ನಿಂತರು. ಹಪ್ಪಳವೆಲ್ಲ ಕೆಳಗೆ ಉದುರಿತು. ಮಳೆ ನಾಲ್ಕು ಹನಿ ಹಾಕಿ ಮುಳ್ಳೇರಿಯ ಕಡೆಗೆ ಹೋಯಿತು. ರಾತ್ರಿಗೆ ಸೌತೆಕಾಯಿ ಹುಳಿ ಆಯಿತು.

ಪತ್ತನಾಜೆಯ ದಿನ ಕೊನೆಯ ಸೇವೆಯಾಟಕ್ಕೆ ನಾವೂ ಹೋದೆವು. ಬೆಳಗಿನ ಜಾವ ಮಂಗಳ ಹಾಡಿ, ದೇವರೆದುರು ಗೆಜ್ಜೆ ಬಿಚ್ಚಿದ್ದಾಯಿತು. ಇವರು ಪ್ರಸಾದ, ಒಂದು ಚೀಲ ಬಟ್ಟೆ ಮತ್ತು ಅಷ್ಟೂ ತಿಂಗಳ ನಿದ್ದೆ ಬಾಕಿ ಹಿಡಿದುಕೊಂಡು ಮನೆಗೆ ಬಂದರು. ಪತ್ತನಾಜೆಗೆ ಹತ್ತು ಹನಿ ಮಳೆ ಅಂತ ನಮ್ಮಲ್ಲಿ ಮಾತಿದೆ. ಹನಿಯೂ ಬಿತ್ತು. ನನ್ನ ತಿರುಗಾಟವೂ ಮುಗಿಯುತ್ತಾ ಬಂದಿತ್ತು. ಅಲಸಂಡೆ ಬೀಜ ತೆಗೆದಿಟ್ಟಾಗಿತ್ತು, ಚಪ್ಪರ ಬಿಚ್ಚುವುದು ಬಾಕಿ. ಗಂಡಸರು ಮನೆಯಲ್ಲಿದ್ದಾರೆ, ನಾಳೆ ಬಿಚ್ಚಿದರಾಯಿತು ಅಂದುಕೊಂಡೆ.

ಆದರೆ ಮೇಳ ನಿಂತಿತು ಅಂತ ಮೈಗೆ ಹೇಳುವವರು ಯಾರು? ಹಗಲು ತೂಕಡಿಕೆ, ರಾತ್ರಿ ಹನ್ನೊಂದಾದರೆ ಕಣ್ಣು ಝಗ್ಗನೆ ತೆರೆಯುವುದು. ಮನೆಯೆಲ್ಲ ಮಲಗಿದ ಮೇಲೆ ಇವರು ಒಬ್ಬರೇ ಅಡುಗೆಮನೆಯಿಂದ ಚಾವಡಿಗೆ, ಚಾವಡಿಯಿಂದ ಅಡುಗೆಮನೆಗೆ. ಡಬ್ಬಿಗಳ ಮುಚ್ಚಳ ತೆಗೆದು ಹಾಕುವ ಸದ್ದು. ಮರುದಿನ ನೋಡಿದರೆ ಬೆಲ್ಲ ಇಲ್ಲ. ಇನ್ನೊಂದು ರಾತ್ರಿ ಸದ್ದಾಗುತ್ತದೆ ಅಂತ ಎದ್ದು ಹೋದರೆ ಟಾರ್ಚ್ ಹಿಡಿದು ತೊಂಡೆ ಬಳ್ಳಿಗೆ ನೀರು ಹಾಕುತ್ತಿದ್ದಾರೆ. ಬೇಸಿಗೆಯಿಡೀ ನಾನು ಕೊಡ ಹೊತ್ತಾಗ ಇಲ್ಲದ ಉತ್ಸಾಹ! ಮಳೆ ಬಂದಿದೆ, ಇನ್ನು ನೀರು ಬೇಡ ಅಂದರೆ, "ಹಗಲು ನಿನಗೆ ತೊಂದರೆ ಆಗಬಾರದು ಅಂತ" ಅಂದರು.

ಮತ್ತಿನ ರಾತ್ರಿ ಆದದ್ದು ನಮ್ಮ ಗುಡ್ಡೆಗೆಲ್ಲ ಗೊತ್ತು. ಎರಡು ಗಂಟೆ ದಾಟಿರಬೇಕು, ಇವರ ಪ್ರವೇಶದ ಹೊತ್ತು. ಟಾರ್ಚ್ ಹಿಡಿದು ಹೊರಗೆ ಹೋಗಿದ್ದಾರೆ. ಮರಗೆಣಸಿನ ಬುಡದಲ್ಲಿ ಕಾಡುಹಂದಿ, ಒಂದಲ್ಲ, ಸಂಸಾರ ಸಮೇತ. ಕೈಯಲ್ಲಿ ಕೋಲಿಲ್ಲ, ಕತ್ತಿಯಿಲ್ಲ. ಆದರೆ ಪತ್ತನಾಜೆ ಕಳೆದಿದೆ. ಸ್ವರ ಉಳಿಸಬೇಕಾದ ಕಾರಣ ಇಲ್ಲ.

ಕೊಟ್ಟರು ನೋಡಿ ಒಂದು ಆರ್ಭಟೆ.

ನಾನು ಮಂಚದಿಂದ ಕೆಳಗಿದ್ದೆ. ದನ ಹಗ್ಗ ಕಡಿದುಕೊಂಡಿತು. ಎಲ್ಲ ಮನೆಯ ನಾಯಿಗಳೂ ಒಟ್ಟಿಗೆ ಶುರುಮಾಡಿ, ಎರಡನೇ ಆರ್ಭಟೆಗೆ ಒಟ್ಟಿಗೆ ನಿಲ್ಲಿಸಿದವು. ಗುಡ್ಡೆಯ ಮೇಲಿನಿಂದ ಕೆಳಗಿನವರೆಗೆ ಒಂದೊಂದೇ ಮನೆಯಲ್ಲಿ ದೀಪ ಹತ್ತಿತು. ಅತ್ತೆ ಮಲಗಿದಲ್ಲಿಂದಲೇ, "ಇಷ್ಟು ಬೇಗ ಬಣ್ಣದ ವೇಷ ಬಂತಾ?" ಅಂತ ಕೇಳಿ ಮಗ್ಗುಲು ಬದಲಿಸಿದರು. ಹಂದಿಗಳು ದಿಕ್ಕು ತಪ್ಪಿ ನೇರ ಅಲಸಂಡೆ ಚಪ್ಪರದೊಳಗೆ ನುಗ್ಗಿ, ಬಳ್ಳಿ, ಕೋಲು, ಹಗ್ಗ ಎಲ್ಲವನ್ನೂ ಮೈಗೆ ಸುತ್ತಿಕೊಂಡು ತೋಡು ಹಾರಿ ಹೋದವು. ಹೇಗೂ ಬಿಚ್ಚಲಿಕ್ಕಿದ್ದ ಚಪ್ಪರ, ಕೂಲಿ ಉಳಿಯಿತು. ಹೋಗುವ ದಾರಿಯಲ್ಲಿ ಬೆರ್ಚಪ್ಪನೂ ಬಿದ್ದ, ಮಡಕೆ ಒಡೆಯಿತು. ಇವರು ಅದರ ಚೂರುಗಳನ್ನು ಟಾರ್ಚಿನಲ್ಲಿ ಹೆಕ್ಕುತ್ತಾ, ಮುಖವರ್ಣಿಕೆ ಎಷ್ಟು ಒಳ್ಳೆಯದಾಗಿ ಕೂತಿತ್ತು ಅಂತ ಕೊರಗಿದರು. ಮರಗೆಣಸಿನ ಬಗ್ಗೆ ಒಂದು ಮಾತಿಲ್ಲ.

ಬೆಳಿಗ್ಗೆ ಬೈಗುಳ ಕೇಳಲು ತಯಾರಾಗಿಯೇ ಗೇಟಿನ ಹತ್ತಿರ ಹೋದೆ. ಕೆಳಗಿನ ಮನೆಯ ಅಣ್ಣ ನಿಂತಿದ್ದರು. ಕೈಯಲ್ಲಿ ಒಂದು ದೊಡ್ಡ ನೇಂದ್ರ ಬಾಳೆಗೊನೆ.

"ಅಕ್ಕ, ಭಾವ ಎದ್ದಿದ್ದಾರಾ? ನಮ್ಮ ಗೆಣಸಿನ ಗದ್ದೆಗೂ ಹಂದಿ ಬರುತ್ತದೆ. ಇವತ್ತು ರಾತ್ರಿ ನಮ್ಮಲ್ಲಿ ಒಂದು ಆಟ ಆಗಬಹುದಾ ಅಂತ."

ಒಳಗಿನಿಂದ ಇವರ ಸ್ವರ ಕೇಳಿತು. ಪಿಸುಮಾತಲ್ಲ, ಪೂರ್ತಿ ಸ್ವರ. "ಆಗಬಹುದು. ವೀಳ್ಯ ಎಂತ ತಂದಿದ್ದಾರೆ ನೋಡು."